ಎಳೆಯುವ ಗಾಡಿ, ನಿಲ್ಲುವ ಗಾಡಿ

ಗಂಗಾವತಿಯಿಂದ ಕಾರಟಗಿಯ ಮೇಲೆ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಸುಗ್ಗಿಯ ಕಾಲಕ್ಕೆ ಪ್ರಯಾಣ ಮಾಡಿದ್ದೀರಾ? ಹಾಗಿದ್ದರೆ ಸಿದ್ದಾಪುರದ ಸುತ್ತಿನ ನೋಟ ನಿಮಗೆ ಗೊತ್ತೇ ಇದೆ. ಎರಡೂ ಬದಿಗೆ ಕಣ್ಣು ಹಾಯುವವರೆಗೆ ಭತ್ತದ ಗದ್ದೆ, ನಡುನಡುವೆ ಕ್ಯಾಂಪುಗಳು, ಅಲ್ಲಲ್ಲಿ ಅಕ್ಕಿ ಗಿರಣಿಯ ಹೊಗೆಕೊಳವೆ, ರಸ್ತೆಯಂಚಿನಲ್ಲಿ ಒಣಗಲು ಹರಡಿದ ನೆಲ್ಲು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿಯದೇ ಹೋಗಿದ್ದರೆ ಈ ನೋಟ ಇರುತ್ತಿರಲಿಲ್ಲ. ಕಾಲುವೆ ಬಂತು, ಭತ್ತ ಬಂತು, ಗಿರಣಿ ಬಂತು. ಗದ್ದೆಯಿಂದ ಗಿರಣಿಗೆ, ಗಿರಣಿಯಿಂದ ಅಂಗಡಿಗೆ ಚೀಲ ಸಾಗಿಸುವ ಕೆಲಸವೂ ಬಂತು. ಮೊದಲು ಎತ್ತಿನ ಬಂಡಿ, ಆಮೇಲೆ ಟ್ರ್ಯಾಕ್ಟರ್. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂತು. ಅದರ ಹಿಂದುಮುಂದೆ ಬೊಲೆರೊ ಪಿಕಪ್, 2011ರಲ್ಲಿ ಅಶೋಕ್ ಲೇಲ್ಯಾಂಡ್‌ನ ದೋಸ್ತ್, ಹೀಗೆ ಒಂದೊಂದಾಗಿ ಚಿಕ್ಕ ಸರಕು ಗಾಡಿಗಳು ಬಂದವು. ಇಂದು ಈ ಭಾಗದ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಅನ್ನ ಈ ಗಾಡಿಗಳಿಂದಲೇ ಹುಟ್ಟುತ್ತಿದೆ. ಗಾಡಿ ನಿಂತರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಗಾಡಿಯೇ ಹೋಗುತ್ತದೆ.

ಪಿಕಪ್ ಗಾಡಿಗಳನ್ನು ಕುರಿತ ನಮ್ಮ ಚರ್ಚಾ ಕಾರ್ಯಕ್ರಮ ಅರ್ಧ ಗಂಟೆಯದು. ಅದರಲ್ಲಿ ಮೈಲೇಜಿನ ವಿಷಯ, ಎಣ್ಣೆಯ ವಿಷಯ ಮಾತಾಡುವಷ್ಟರಲ್ಲಿ ಹೊತ್ತು ಮುಗಿಯಿತು. ಹೇಳಲೇಬೇಕಾಗಿದ್ದ ಮಾತು ಉಳಿದುಹೋಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಸಿದ್ದಾಪುರಕ್ಕೆ ಹೋಗಿದ್ದಾಗ ತೂಕದ ಕಾಟಾದ ಬಳಿ ಒಬ್ಬ ಚಾಲಕರನ್ನು ಮಾತಾಡಿಸಿದೆ. ಗಾಡಿಯಲ್ಲಿ ಭತ್ತದ ಚೀಲಗಳು ಕ್ಯಾಬಿನ್ನಿಗಿಂತ ಎತ್ತರಕ್ಕೆ ಏರಿದ್ದವು. "ಇಷ್ಟು ಭಾರ ಎಳೆಯುತ್ತದೆಯೇ?" ಎಂದು ಕೇಳಿದೆ. ಅವರು ನಕ್ಕು, "ಎಳಿಯಾಕೇನ್ರಿ ಸರ್, ಇನ್ನೂ ಹತ್ತು ಚೀಲ ಹಾಕ್ರಿ, ಎಳಿತೈತಿ. ನಿಲ್ಲಂಗಿಲ್ಲ, ಅಷ್ಟ" ಎಂದರು.

ಭೌತಶಾಸ್ತ್ರದ ಒಂದು ಇಡೀ ಅಧ್ಯಾಯವನ್ನು ಅವರು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದರು. ಎಂಜಿನ್ ಎನ್ನುವುದು ಗೇರಿನ ಸಹಾಯದಿಂದ ತನ್ನ ಅಳತೆಗೆ ಮೀರಿದ ಭಾರವನ್ನೂ ನಿಧಾನವಾಗಿ ಎಳೆದುಬಿಡುತ್ತದೆ. ಬ್ರೇಕಿಗೆ ಗೇರಿಲ್ಲ. ಸ್ಪ್ರಿಂಗಿಗೆ, ಟೈರಿಗೆ, ಬೇರಿಂಗಿಗೂ ಇಲ್ಲ. ಆದ್ದರಿಂದ "ಎಳೆಯುತ್ತದೆ" ಎನ್ನುವುದನ್ನೇ ಅಳತೆಗೋಲು ಮಾಡಿಕೊಂಡರೆ ಮೋಸ ಹೋಗುತ್ತೇವೆ. ಪಿಕಪ್ ಗಾಡಿಯ ನಿರ್ವಹಣೆ ಎಣ್ಣೆಯ ಡಬ್ಬಿಯಿಂದ ಶುರುವಾಗುವುದಿಲ್ಲ. ಅದು ತೂಕದಿಂದ ಶುರುವಾಗುತ್ತದೆ.

ಚೀಲದ ಲೆಕ್ಕ

ನಿಮ್ಮ ಗಾಡಿಯ ಆರ್.ಸಿ.ಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯ ತೂಕ, ಮತ್ತು ಭಾರ ಹೊತ್ತಾಗ ಗಾಡಿ ಒಟ್ಟು ಎಷ್ಟು ತೂಗಬಹುದು ಎಂಬ ಮಿತಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ನೀವು ಹೇರಬಹುದಾದ ಭಾರ. ಇಲ್ಲೊಂದು ಸೂಕ್ಷ್ಮವಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಲಿ ಗಾಡಿಯ ತೂಕದಲ್ಲಿ ಚಾಲಕನೂ ಇಲ್ಲ, ಸಹಾಯಕನೂ ಇಲ್ಲ. ಅಂದರೆ ನೀವು ಸೀಟಿನಲ್ಲಿ ಕೂತ ಕೂಡಲೆ ಹೇರುವ ಭಾರದಲ್ಲಿ ಸುಮಾರು ಒಂದು ಚೀಲ ಕಡಿಮೆಯಾಯಿತು; ಜೊತೆಗೆ ಹಮಾಲರೊಬ್ಬರು ಕೂತರೆ ಇನ್ನೊಂದು. ನೋಂದಣಿಯಾದ ಮೇಲೆ ಹಲಗೆ ಎತ್ತರಿಸಿ, ಕಬ್ಬಿಣದ ಕಂಬಿ ಕೂರಿಸಿ, ಹಿಂದೆ ದಪ್ಪ ಬಂಪರ್ ಬೆಸೆದಿದ್ದರೆ ಅದೂ ಇದೇ ಲೆಕ್ಕದಲ್ಲಿ ಕಳೆಯಬೇಕು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕಿಲೋ ಚೀಲದ ಮೇಲೆ. 750 ಕಿಲೋ ಹೊರುವ ಏಸ್‌ನಂಥ ಗಾಡಿಗೆ ಲೆಕ್ಕದಲ್ಲಿ 10 ಚೀಲ. ಚಾಲಕನನ್ನು ಕಳೆದರೆ 9. 1,250 ಕಿಲೋದ ಗಾಡಿಗೆ 16ರ ಬದಲು 15. 1,700 ಕಿಲೋದ ಪಿಕಪ್ಪಿಗೆ 22ರ ಬದಲು 21. ಕಾಟಾದ ಬಳಿ ನಾನು ಕಂಡ ಗಾಡಿ ಈ ಕೊನೆಯ ಬಗೆಯದು. ಅದರಲ್ಲಿದ್ದ ಚೀಲ 32.

ಇನ್ನೊಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಚೀಲ ಎಣಿಸಿದರೆ ತೂಕ ಗೊತ್ತಾದಂತಲ್ಲ. ಒಣಗಿದ ಭತ್ತದಲ್ಲಿ ನೂರಕ್ಕೆ 14 ಪಾಲು ತೇವಾಂಶವಿದ್ದರೆ, ಕಟಾವು ಯಂತ್ರದಿಂದ ಆಗತಾನೆ ಸುರಿದ ಭತ್ತದಲ್ಲಿ 22 ಪಾಲು ಇರುವುದು ಅಪರೂಪವಲ್ಲ. ಒಣ ಭತ್ತ ತುಂಬಿದಾಗ 75 ಕಿಲೋ ತೂಗುವ ಚೀಲಕ್ಕೆ ಅಷ್ಟೇ ಕಾಳು ಹಸಿಯಾಗಿ ತುಂಬಿದರೆ ಅದು ಹತ್ತಿರ ಹತ್ತಿರ 83 ಕಿಲೋ ಆಗುತ್ತದೆ. 20 ಚೀಲಕ್ಕೆ ಸುಮಾರು 150 ಕಿಲೋ, ಅಂದರೆ ಎರಡು ಚೀಲ ನೀರನ್ನು ನೀವು ಬಾಡಿಗೆಯಿಲ್ಲದೆ ಸಾಗಿಸುತ್ತಿದ್ದೀರಿ. ತೌಡು, ಹುಲ್ಲು, ಹೊಟ್ಟಿನ ಕಥೆ ಬೇರೆ. ಅವು ಹಗುರ, ಆದರೆ ಎತ್ತರಕ್ಕೆ ಏರುತ್ತವೆ. ಅಲ್ಲಿ ತೂಕಕ್ಕಿಂತ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು.

ಚೀಲ ಎಲ್ಲಿಟ್ಟಿರಿ ಎನ್ನುವುದೂ ಮುಖ್ಯ. ಹಿಂದಿನ ಅಚ್ಚಿಗಿಂತ ಹಿಂದೆ, ಬಾಗಿಲಿನ ಅಂಚಿನಲ್ಲಿ ಒಟ್ಟಿದ ಭಾರ ಏತದ ಹಾಗೆ ಕೆಲಸ ಮಾಡುತ್ತದೆ. ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಸ್ಟಿಯರಿಂಗ್ ಹಗುರವಾಯಿತೆಂದು ಚಾಲಕನಿಗೆ ಖುಷಿಯಾಗಬಹುದು. ಮುಂದಿನ ಚಕ್ರಗಳು ನೆಲವನ್ನು ಸರಿಯಾಗಿ ಕಚ್ಚುತ್ತಿಲ್ಲ ಎಂಬುದು ಅದರ ಅರ್ಥ. ಚೀಲಗಳನ್ನು ಕ್ಯಾಬಿನ್ನಿನ ಬೆನ್ನಿಗೆ ಒತ್ತಿ ಜೋಡಿಸುತ್ತ ಹಿಂದಕ್ಕೆ ಬನ್ನಿ. ಕೊನೆಯ ಸಾಲನ್ನು ತಗ್ಗಾಗಿ ಬಿಡಿ.

ನೀರು ಕಾಯಿಸುವ ಬ್ರೇಕು

ಬ್ರೇಕ್ ಹಾಕಿದಾಗ ಗಾಡಿಯ ಓಟದ ಶಕ್ತಿ ಮಾಯವಾಗುವುದಿಲ್ಲ, ಶಾಖವಾಗುತ್ತದೆ. ಎಷ್ಟು ಶಾಖ? ಒಟ್ಟು 3,000 ಕಿಲೋ ತೂಗುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಅದನ್ನು ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖದಿಂದ ಕೊಡದಲ್ಲಿಟ್ಟ ನೀರನ್ನು, ಸುಮಾರು 1.4 ಲೀಟರಿನಷ್ಟನ್ನು, ಕುದಿಯುವ ಹಂತಕ್ಕೆ ತರಬಹುದು. ಅದೇ ಗಾಡಿ 4,000 ಕಿಲೋ ಆದರೆ 1.9 ಲೀಟರ್. ಒಲೆಯ ಮೇಲೆ ಇದಕ್ಕೆ ಎಷ್ಟು ನಿಮಿಷ ಬೇಕು ಎಂಬುದು ಮನೆಯವರಿಗೆ ಗೊತ್ತು. ಬ್ರೇಕು ಅದನ್ನು ನಾಲ್ಕೈದು ಸೆಕೆಂಡಿನಲ್ಲಿ ನುಂಗಿಕೊಳ್ಳಬೇಕು. ವೇಗದ ಲೆಕ್ಕ ಇನ್ನೂ ಕಠಿಣ: ತೂಕ ಇಮ್ಮಡಿಯಾದರೆ ಶಾಖ ಇಮ್ಮಡಿ, ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಆದ್ದರಿಂದ ಒಂದು ದಿನ ಹೆಚ್ಚು ಭಾರ ಹೇರಲೇಬೇಕಾದ ಸಂದರ್ಭ ಬಂತೆಂದು ನೀವು ವಾದಿಸಿದರೂ, ಕನಿಷ್ಠ ವೇಗವನ್ನಾದರೂ ಇಳಿಸಿ ಎಂದೇ ನಾನು ಹೇಳುವುದು.

ಸಿದ್ದಾಪುರ, ಕಾರಟಗಿಯ ಸಮತಟ್ಟು ನೆಲದಲ್ಲಿ ಈ ಶಾಖದ ಪೆಟ್ಟು ತಕ್ಷಣ ಕಾಣುವುದಿಲ್ಲ. ಅಕ್ಕಿ ಹೇರಿಕೊಂಡು ಹುಬ್ಬಳ್ಳಿ ದಾಟಿ, ಯಲ್ಲಾಪುರದ ಆಚೆ ಅರೆಬೈಲು ಘಟ್ಟ ಇಳಿಯುವಾಗ ಕಾಣುತ್ತದೆ. ಅಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು ಕಾದು, ಅದರ ಬಿಸಿ ಬ್ರೇಕ್ ಎಣ್ಣೆಗೆ ಮುಟ್ಟುತ್ತದೆ. ಈ ಎಣ್ಣೆಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್-3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅದರ ಪ್ರಮಾಣ. ತೇವ ಹೀರಿದ ಮೇಲೆ ಈ ಪ್ರಮಾಣ 140ಕ್ಕೆ ಇಳಿಯುತ್ತದೆ. ಡಾಟ್-4 ಆದರೆ 230 ಮತ್ತು 155. ಎಣ್ಣೆ ಕುದಿದಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹೀಗಾಗಿ ಪೆಡಲು ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ, ಗಾಡಿ ಮಾತ್ರ ಹೋಗುತ್ತಲೇ ಇರುತ್ತದೆ. "ಬ್ರೇಕ್ ಫೇಲ್" ಎಂದು ಸುದ್ದಿಯಲ್ಲಿ ಓದುವ ಎಷ್ಟೋ ಪ್ರಕರಣಗಳಲ್ಲಿ ಮುರಿದ ಭಾಗ ಒಂದೂ ಇರುವುದಿಲ್ಲ. ಬ್ರೇಕ್ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮೇಲಿಂದ ಮೇಲೆ ಸ್ವಲ್ಪ ಸುರಿದು ಮಟ್ಟ ಸರಿಮಾಡುವುದು ಬದಲಿಸಿದಂತಲ್ಲ. ಘಟ್ಟ ಇಳಿಯುವಾಗ, ಅದೇ ಘಟ್ಟ ಹತ್ತಲು ಯಾವ ಗೇರು ಬೇಕೋ ಆ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ತಳ್ಳುವವರಿಗೆ ನನ್ನ ಬಳಿ ಬೇರೆ ಸಲಹೆಯಿಲ್ಲ.

ಈಗ ಸ್ಪ್ರಿಂಗಿನ ವಿಷಯಕ್ಕೆ ಬರೋಣ. ಹೊಸ ಗಾಡಿ ಮನೆಗೆ ಬರುವ ಮೊದಲೇ ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಹೆಚ್ಚಿಗೆ ಹಾಕಿಸುವ ಪದ್ಧತಿ ನಮ್ಮಲ್ಲಿ ಹಬ್ಬಿಬಿಟ್ಟಿದೆ. ಗಾಡಿ ಕೂರುವುದಿಲ್ಲ, ಆದ್ದರಿಂದ ಗಾಡಿಗೆ ಬಲ ಬಂತು ಎಂಬ ನಂಬಿಕೆ. ಬಲ ಬಂದದ್ದು ಪ್ಲೇಟಿಗೆ ಮಾತ್ರ. ಅಚ್ಚು ಅದೇ, ಬೇರಿಂಗು ಅದೇ, ಚಾಸಿಯ ಬೆಸುಗೆ ಅದೇ. ಮೊದಲು ಪ್ಲೇಟು ಬಾಗಿ ನುಂಗುತ್ತಿದ್ದ ಹೊಡೆತ ಈಗ ನೇರ ಅವುಗಳಿಗೆ ಬಡಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ, ಅದಕ್ಕೆ ಅಂಟಿಕೊಂಡ ಒಂದು ವಾಲ್ವ್ ಇರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಎಂದು ಅದರ ಹೆಸರು. ಗಾಡಿ ಖಾಲಿಯಿದ್ದಾಗ ಹಿಂದಿನ ಚಕ್ರಗಳ ಮೇಲೆ ಭಾರವಿರುವುದಿಲ್ಲ. ಪೂರ್ತಿ ಬ್ರೇಕ್ ಕೊಟ್ಟರೆ ಅವು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಆದ್ದರಿಂದ ಈ ವಾಲ್ವ್ ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುತ್ತದೆ. ಭಾರ ಹೇರಿದಾಗ ಗಾಡಿ ಕೂರುತ್ತದೆ, ಕಡ್ಡಿ ಸರಿಯುತ್ತದೆ, ಒತ್ತಡ ಪೂರ್ತಿ ಹೋಗುತ್ತದೆ. ಭಾರವನ್ನು ಅದು ತೂಗುವುದಿಲ್ಲ ಎಂಬುದನ್ನು ಗಮನಿಸಿ. ಗಾಡಿ ಎಷ್ಟು ಕೂತಿತು ಎಂಬುದನ್ನಷ್ಟೇ ನೋಡುತ್ತದೆ. ಪ್ಲೇಟು ಹೆಚ್ಚಿಸಿ ಗಾಡಿ ಕೂರದಂತೆ ಮಾಡಿದಿರೋ, ವಾಲ್ವಿನ ಪಾಲಿಗೆ ಗಾಡಿ ಖಾಲಿ. 30 ಚೀಲ ಹೊತ್ತ ಗಾಡಿಗೆ ಅದು ಖಾಲಿ ಗಾಡಿಯ ಬ್ರೇಕ್ ಕೊಡುತ್ತದೆ. ಕೆಲವರು "ಇದೆಂಥ ಕಡ್ಡಿ, ಅಡ್ಡ ಬರುತ್ತದೆ" ಎಂದು ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿರುತ್ತಾರೆ. ಹಳೆಯ ಗಾಡಿ ಕೊಳ್ಳುವವರು ಕೆಳಗೆ ಬಗ್ಗಿ ಮೊದಲು ನೋಡಬೇಕಾದ ಜಾಗ ಇದು.

ನಮ್ಮ ಕಾಟಾದ ಚಾಲಕರಿಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದಕ್ಕರಿ, ಪ್ಲೇಟ್ ಹಾಕಿಸಿದ ಮ್ಯಾಲ ಬ್ರೇಕ್ ಕಲ್ಲಾದಂಗ ಅನಸ್ತಿತ್ತು" ಎಂದರು. ಮೂರು ಸಲ ಬ್ರೇಕ್ ಶೂ ಬದಲಿಸಿದ್ದರಂತೆ. ತಪ್ಪು ಶೂವಿನದಾಗಿರಲಿಲ್ಲ.

ಬೆಳಗಿನ ಹತ್ತು ನಿಮಿಷ

ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ ಅದೂ ಬಿಸಿಯಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎರಡನೆಯ ಬೆಳೆ ಸಾಗಿಸುವ ಹೊತ್ತಿಗೆ ನಮ್ಮ ರಸ್ತೆಗಳು ಕಾದ ಹಂಚಿನಂತಿರುತ್ತವೆ. ಆಗ ಟೈರು ಸಿಡಿಯುವುದಕ್ಕೆ ಗಾಳಿ ಹೆಚ್ಚಾದದ್ದೇ ಕಾರಣ ಎಂದು ಜನ ಹೇಳುತ್ತಾರೆ. ಬಹುಪಾಲು ಗಾಳಿ ಕಡಿಮೆ, ಭಾರ ಹೆಚ್ಚು ಇದ್ದದ್ದೇ ಕಾರಣ. ದಾರಿಯಲ್ಲಿ ಟೈರು ಕಾದಾಗ ಒತ್ತಡ ಏರುವುದು ಸಹಜ. ಹೆದರಿ ಗಾಳಿ ಬಿಡಬೇಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2322 ಎಂದಿದ್ದರೆ ಅದು 2022ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. "ಹೊಸದು" ಎಂದು ಕೊಡುವ ಟೈರು ಅಂಗಡಿಯಲ್ಲೇ ಎಷ್ಟು ವರ್ಷ ಮಲಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಸವೆತವನ್ನೂ ಓದಲು ಕಲಿಯಿರಿ: ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ.

ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆಯಿದೆ, ಕಾಸಿನ ಖರ್ಚಿಲ್ಲದ್ದು. ಹತ್ತು ಕಿಲೋಮೀಟರ್ ಓಡಿಸಿ, ಜೋರಾಗಿ ಬ್ರೇಕ್ ಒತ್ತದೆ ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ಇಳಿದು, ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈಯ ಹಿಂಬದಿಯನ್ನು ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಎಡ-ಬಲ ಜೋಡಿಯಲ್ಲಿ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗಿನ ಗ್ರೀಸು ಹೋಗಿದೆ. ಗದ್ದೆಯ ದಾರಿಯಲ್ಲಿ ಎರೆ ಮಣ್ಣಿನ ಕೆಸರು ಡ್ರಮ್ಮಿನೊಳಗೆ ಹೊಕ್ಕು ಒಣಗಿ ಗಟ್ಟಿಯಾಗುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಚಾಲಕರಿಗೆ ಈ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು.

ಧೂಳೆಂದಾಗ ನೆನಪಾಯಿತು. ಅಕ್ಕಿ ಗಿರಣಿಯ ಅಂಗಳದಲ್ಲಿ ಹಾರುವ ಹೊಟ್ಟಿನ ಪುಡಿ ಏರ್ ಫಿಲ್ಟರನ್ನು ಬೇಗ ಕಟ್ಟಿಹಾಕುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರು ಪಟ್ಟಣದ ರಸ್ತೆಗೆ ಸರಿ. ಸುಗ್ಗಿಯಲ್ಲಿ ನೀವು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ನೋಡಬೇಕು. ಅದೇ ಹೊಟ್ಟು ರೇಡಿಯೇಟರಿನ ಸಂದಿಗಳಲ್ಲಿ ಕೂತರೆ ಎಂಜಿನ್ ಕಾಯುತ್ತದೆ. ಆಗ ಬಹಳ ಜನ ಮಾಡುವ ಕೆಲಸವೆಂದರೆ ಕಾಲುವೆಯ ನೀರು ತಂದು ಸುರಿಯುವುದು. ದಾರಿಯಲ್ಲಿ ಸಿಕ್ಕಿಕೊಂಡಾಗ, ಎಂಜಿನ್ ಆರಿದ ಮೇಲೆ, ಅನಿವಾರ್ಯವಾದರೆ ಸರಿ. ಆದರೆ ಊರು ಮುಟ್ಟಿದ ಮೇಲೆ ಆ ನೀರನ್ನು ತೆಗೆಸಿ ಕೂಲೆಂಟ್ ಹಾಕಿಸಿ. ನೀರಿನಲ್ಲಿರುವ ಲವಣ, ಹೂಳು ಒಳಗೆ ಪದರಾಗಿ ಕೂತು, ಮುಂದಿನ ಬೇಸಿಗೆಗೆ ಅದೇ ಕಂಟಕವಾಗುತ್ತದೆ.

2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿ.ಎಸ್.-6 ಡೀಸೆಲ್ ಗಾಡಿ ಉಳ್ಳವರಿಗೆ ಎರಡು ಮಾತು. ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಸೈಲೆನ್ಸರಿನ ದಾರಿಯಲ್ಲಿದೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಬರೀ ಗದ್ದೆ-ಗಿರಣಿ ನಡುವೆ ಎರಡೆರಡು ಕಿಲೋಮೀಟರ್ ಓಡಾಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ದೀಪ ಹತ್ತಿದಾಗ ಉದಾಸೀನ ಮಾಡದೆ, ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆ ಮುಖ್ಯ ರಸ್ತೆಯಲ್ಲಿ ಅಷ್ಟು ಹೊತ್ತು ಓಡಿಸಿ. ಎರಡನೆಯದು, ಕೆಲವು ಗಾಡಿಗಳಿಗೆ ಡಿ.ಇ.ಎಫ್. ಎಂಬ ದ್ರವ ಹಾಕಬೇಕಾಗುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ನೂರಕ್ಕೆ 32.5 ಪಾಲು ಯೂರಿಯಾ ಕರಗಿಸಿದ ದ್ರವವದು. ಇದು ಗೊತ್ತಾದ ಕೂಡಲೆ, "ಯೂರಿಯಾ ನಮ್ಮ ಮನ್ಯಾಗ ಐತಲ್ರಿ" ಎನ್ನುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. 2015ರಿಂದ ನಮ್ಮ ದೇಶದಲ್ಲಿ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯವಾಗಿದೆ. ಬೆಳೆಗೆ ಅದು ಒಳ್ಳೆಯದು, ಗಾಡಿಯ ಸಣ್ಣ ನಳಿಕೆಗೆ ಅಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಭಾಗ ಕೆಡುತ್ತದೆ.

ಹಿಂದೆ ಕೂತವರು

ಭತ್ತ ಇಳಿಸಿ ಖಾಲಿ ಬರುವ ಗಾಡಿಗೆ ಕೈ ತೋರಿಸುವವರು ಬಹಳ. ನಾಟಿಗೆ ಹೊರಟ ಹೆಣ್ಣುಮಕ್ಕಳು, ಮದುವೆ ದಿಬ್ಬಣ, ಜಾತ್ರೆ. ನಮ್ಮ ಊರಿನವರು, ಬೇಡ ಎನ್ನಲಾಗುವುದಿಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇದನ್ನು ಓದಿ.

2025ರ ಜನವರಿ 22ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು-ತರಕಾರಿ ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿತು. ಸರಕಿನ ಜೊತೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿಗಳು ಕೂತಿದ್ದರು. 10 ಮಂದಿ ತೀರಿಕೊಂಡರು. ಅದು ಲಾರಿ, ನಮ್ಮದು ಪಿಕಪ್ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಸರಕಿನ ಜಾಗದಲ್ಲಿ ಹಿಡಿಯಲು ಏನೂ ಇಲ್ಲ, ಕಟ್ಟಿಕೊಳ್ಳಲು ಬೆಲ್ಟಿಲ್ಲ. ಗಾಡಿ ವಾಲಿದರೆ ಚೀಲಗಳೇ ಮೇಲೆ ಬೀಳುತ್ತವೆ.

ಕಾನೂನಿನ ಮಾತೂ ಗೊತ್ತಿರಲಿ. 1994ರ ತಿದ್ದುಪಡಿಯ ನಂತರ, ಸರಕು ಗಾಡಿಯಲ್ಲಿ ಸರಕಿನ ಜೊತೆ ಹೋಗುವ ಅದರ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ವಿಮೆಯ ರಕ್ಷಣೆಯಿದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಕೆಲವು ಪ್ರಕರಣಗಳಲ್ಲಿ ಮೊದಲು ಕಂಪನಿಯೇ ಪರಿಹಾರ ಕೊಟ್ಟು ಆಮೇಲೆ ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳಿದ್ದುಂಟು. ಹೇಗೆ ನೋಡಿದರೂ ಕೊನೆಗೆ ಹೊಣೆ ಬರುವುದು ಮಾಲೀಕನ ಹೊಲ-ಮನೆಯ ಮೇಲೆ. ಸತ್ತವರ ಮನೆಯವರೂ ಗಾಡಿಯ ಮನೆಯವರೂ ಒಂದೇ ಊರಿನವರಾಗಿರುತ್ತಾರೆ. ವರ್ಷಗಟ್ಟಲೆ ಕೋರ್ಟಿನ ಕಟ್ಟೆಯಲ್ಲಿ ಎದುರುಬದುರು ಕೂರಬೇಕಾಗುತ್ತದೆ.

ಕಾಗದ ಪತ್ರ, ಹಣದ ಲೆಕ್ಕ

ಕಾಗದದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾರು ಓಡಿಸುವ ಲಘು ವಾಹನದ ಲೈಸೆನ್ಸ್ ಸಾಲುವುದೇ ಎಂಬುದು ಬಂದ ಪತ್ರಗಳಲ್ಲಿದ್ದ ಪ್ರಶ್ನೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಗೆ ಅದು ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಎತ್ತಿ ಹಿಡಿದಿದೆ. ಎಫ್.ಸಿ. ಹೊಸ ಗಾಡಿಗೆ ಎರಡು ವರ್ಷ. ಅನಂತರ ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೊಮ್ಮೆ, ಅದು ದಾಟಿದ ಮೇಲೆ ಪ್ರತಿ ವರ್ಷ. ಎಫ್.ಸಿ. ಮುಗಿದ ದಿನವೂ ವಿಮೆ ಮುಗಿಯುವ ದಿನವೂ ಕ್ಯಾಬಿನ್ನಿನಲ್ಲಿ ಕಣ್ಣಿಗೆ ಬೀಳುವ ಹಾಗೆ ಬರೆದು ಅಂಟಿಸಿಕೊಳ್ಳಿ. ದೇವರ ಪಟದ ಪಕ್ಕದಲ್ಲಾದರೂ ಸರಿ.

ಅತಿಭಾರಕ್ಕೆ ಕೇಂದ್ರ ಕಾಯ್ದೆಯಲ್ಲಿ 2019ರ ಸೆಪ್ಟೆಂಬರ್ 1ರಿಂದ ನಿಗದಿಯಾಗಿರುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಸರಕನ್ನು ಅಲ್ಲೇ ಇಳಿಸುವ ಖರ್ಚೂ ನಿಮ್ಮದೇ. ಓಡಿಸುವವನು ಬೇರೆ ಚಾಲಕನಾಗಿದ್ದರೂ ಮಾಲೀಕನಿಗೆ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸಬಹುದು. ಅಪಘಾತಕ್ಕೆ ಅತಿಭಾರವೇ ಕಾರಣವೆಂದು ಕಂಡುಬಂದರೆ ನಿಮ್ಮ ಗಾಡಿಯ ನಷ್ಟ ತುಂಬಿಕೊಡಲು ವಿಮಾ ಕಂಪನಿ ತಕರಾರು ತೆಗೆಯುವುದೂ ಉಂಟು.

ಲೆಕ್ಕ ಹಾಕೋಣ. ಚೀಲಕ್ಕೆ 20 ರೂಪಾಯಿ ಬಾಡಿಗೆ ಎಂದು ಇಟ್ಟುಕೊಳ್ಳಿ. ನಿಮ್ಮ ಊರಿನ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಟ್ರಿಪ್ಪಿಗೆ 4 ಚೀಲ ಹೆಚ್ಚು, ದಿನಕ್ಕೆ 2 ಟ್ರಿಪ್, ಸುಗ್ಗಿಯ 60 ದಿನ. ಹೆಚ್ಚಿಗೆ ಬಂದದ್ದು 9,600 ರೂಪಾಯಿ. ಒಂದು ಸಲ ದಂಡ ಬಿದ್ದರೆ ಎರಡು ಸುಗ್ಗಿಯ ಈ ಹಣ ಹೋಯಿತು. ದಂಡ ಬೀಳದಿದ್ದರೂ ಟೈರು, ಕ್ಲಚ್ ಪ್ಲೇಟು, ಬೇರಿಂಗು ತಮ್ಮ ಪಾಲನ್ನು ಸದ್ದಿಲ್ಲದೆ ಕಿತ್ತುಕೊಳ್ಳುತ್ತವೆ. ನಷ್ಟ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಬಾಡಿಗೆ ಅಂದೇ ಕೈಗೆ ಬರುತ್ತದೆ, ಟೈರಿನ ಖರ್ಚು ವರ್ಷದ ಮೇಲೆ ಬರುತ್ತದೆ. ಒಂದು ನೋಟ್‌ಬುಕ್ ಇಟ್ಟು ಡೀಸೆಲ್, ಕಂತು, ರಿಪೇರಿ, ಟೈರು, ವಿಮೆ ಎಲ್ಲವನ್ನೂ ಕಿಲೋಮೀಟರಿನ ಜೊತೆ ಬರೆದಿಡಿ. ಆರು ತಿಂಗಳಾದ ಮೇಲೆ ಒಟ್ಟು ಖರ್ಚನ್ನು ಒಟ್ಟು ಕಿಲೋಮೀಟರಿನಿಂದ ಭಾಗಿಸಿ ನೋಡಿ. ಯಾವ ಬಾಡಿಗೆಗೆ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ಆ ಒಂದು ಅಂಕೆ ಹೇಳುತ್ತದೆ.

ತಪ್ಪೆಲ್ಲ ಚಾಲಕನದೇ ಎಂದು ನಾನು ಹೇಳಲಾರೆ. "ಎಲ್ಲಾ ಚೀಲ ಒಂದ ಟ್ರಿಪ್ಪಿನ್ಯಾಗ ಹಾಕೊಂಡು ಹೋಗು, ಇಲ್ಲಾಂದ್ರ ಬ್ಯಾರೆ ಗಾಡಿ ಕರೀತೀನಿ" ಎನ್ನುವ ಧಣಿಯ ಮುಂದೆ ಕಂತು ಕಟ್ಟಬೇಕಾದವನು ಎಷ್ಟು ಹೊತ್ತು ವಾದಿಸಿಯಾನು? ಬಾಡಿಗೆಯನ್ನು ಚೀಲದ ಮೇಲೆ ಮಾತಾಡುವಷ್ಟು ದಿನ ಒಂದು ಚೀಲ ಹೆಚ್ಚು ಹೇರುವ ಆಸೆ ಎರಡೂ ಕಡೆ ಇರುತ್ತದೆ. ಟ್ರಿಪ್ಪಿನ ಮೇಲೆ, ದೂರದ ಮೇಲೆ ಮಾತಾಡಿ. ಒಂದೇ ನಿಲ್ದಾಣದಲ್ಲಿ ಗಾಡಿ ನಿಲ್ಲಿಸುವ ಹತ್ತು ಜನ ಒಟ್ಟಾಗಿ ಈ ಮಾತಿಗೆ ಬಂದರೆ ಧಣಿ ಕರೆಯಲು ಬೇರೆ ಗಾಡಿ ಸಿಗುವುದಿಲ್ಲ. ಒಬ್ಬನೇ ಹೇಳಿದರೆ ನಡೆಯದು, ಅದೂ ನಿಜ.

ಕೊನೆಯದಾಗಿ ಗಾಡಿ ಮಾರುವವರಿಗೆ ಮತ್ತು ಹಳೆಯದನ್ನು ಕೊಳ್ಳುವವರಿಗೆ. ಹಣ ಕೈ ಬದಲಾಯಿಸಿ, ಬಾಂಡ್ ಪೇಪರಿನ ಮೇಲೆ ಸಹಿ ಆದರೆ ವ್ಯವಹಾರ ಮುಗಿಯಿತೆಂದು ತಿಳಿಯಬೇಡಿ. ಆರ್.ಟಿ.ಓ. ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಗಾಡಿ ಮಾರಿದ್ದರೂ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರುವವರು ನಮೂನೆ 29, ಕೊಳ್ಳುವವರ ಜೊತೆ ನಮೂನೆ 30, ಸಾಲವಿದ್ದ ಗಾಡಿಯಾದರೆ ಸಾಲ ತೀರಿದ ನಮೂನೆ 35, ಈ ಮೂರೂ ಮುಗಿದು ಹೊಸ ಹೆಸರು ದಾಖಲೆಯಲ್ಲಿ ಕಾಣುವವರೆಗೆ ಬೆನ್ನು ಬಿಡಬೇಡಿ. ಕೊಳ್ಳುವವರು ಮುಂಗಡ ಕೊಡುವ ಮೊದಲು ಗಾಡಿಯನ್ನು ಖಾಲಿ ಮಾಡಿಸಿ ಒಮ್ಮೆ ಕಾಟಾದ ಮೇಲೆ ಹತ್ತಿಸಿ. ಚೀಟಿಯಲ್ಲಿ ಬಂದ ತೂಕ ಆರ್.ಸಿ.ಯಲ್ಲಿರುವ ಖಾಲಿ ತೂಕಕ್ಕಿಂತ ನೂರು ಕಿಲೋ ಹೆಚ್ಚಿದ್ದರೆ ಆ ನೂರು ಕಿಲೋ ಎಲ್ಲಿದೆ ಎಂದು ಕೆಳಗೆ ಬಗ್ಗಿ ಹುಡುಕಿ. ಬಹಳ ಸಲ ಅದು ಹಿಂದಿನ ಸ್ಪ್ರಿಂಗಿನ ಪ್ಲೇಟುಗಳಲ್ಲಿ, ಚಾಸಿಗೆ ಬೆಸೆದ ತೇಪೆಗಳಲ್ಲಿ ಸಿಗುತ್ತದೆ.